ಜಗಲಿಗೆ ಕಾನೂನು ಬಂತು, ಕಡತಕ್ಕೆ ಬರಲಿಲ್ಲ

ಪೆರಿಯಕುಳಂ ಸುತ್ತಿನ ನಮ್ಮ ನೆಂಟರ ಮನೆಗಳಲ್ಲಿ ಈಗ ಹೆಚ್ಚು ಹೆದರಿಸುವ ಮಾತು ‘ಸಿಬಿಲ್ ಕೆಟ್ಟುಹೋಗುತ್ತೆ’, ಅಂದರೆ ಸಾಲ ತೀರಿಸಿದ ದಾಖಲೆಗೆ ಕಪ್ಪು ಚುಕ್ಕೆ ಬೀಳುತ್ತದೆ, ಅನ್ನುವುದು. ತಮಿಳುನಾಡಿನ ಈ ಭಾಗದಲ್ಲಿ ತಲೆಮಾರುಗಳಿಂದ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುತ್ತ ಬಂದ ಕುಟುಂಬಗಳಿವು. ಮಾವಿನ ತೋಟದ ಕೂಲಿ ಕೈಗೆ ಬರುವುದು ಸುಗ್ಗಿಯಲ್ಲಿ. ಗುಂಪು ಸಾಲದ ಕಂತು ಮಾತ್ರ ವಾರವಾರವೂ ಬಂದು ನಿಲ್ಲುತ್ತದೆ.

ಚಿಕ್ಕಮ್ಮನ ಗುಂಪಿನಲ್ಲಿ ಹತ್ತು ಹೆಂಗಸರಿದ್ದರು. ಒಬ್ಬಳು ತಿರುಪ್ಪೂರಿನ ಗಾರ್ಮೆಂಟ್ಸ್ ಕೆಲಸಕ್ಕೆ ಹೊರಟುಹೋದಳು. ವಸೂಲಿಯ ಹುಡುಗ ರಾತ್ರಿ ಎಂಟಾದರೂ ಜಗಲಿ ಬಿಟ್ಟು ಏಳಲಿಲ್ಲ. ಅವಳ ಕಂತನ್ನು ಉಳಿದವರು ಹಾಕದಿದ್ದರೆ ಎಲ್ಲರ ಸಿಬಿಲ್ ಹೊಡೆಯುತ್ತೇನೆ ಎಂದ. ಹಾಕಿದರು. ಎರಡು ವರ್ಷದ ಮೇಲೆ ಹಸು ಕೊಳ್ಳಲು ಚಿಕ್ಕಮ್ಮ ಬ್ಯಾಂಕಿಗೆ ಹೋದರೆ, ತೀರಿಸಿದ ಸಾಲವೇ ವರದಿಯಲ್ಲಿ ಬಾಕಿಯಾಗಿ ಕೂತಿತ್ತು. ಅವರ ಸಾಲದ ಕಾರ್ಡು ನಾನು ನೋಡಿದೆ: ಪ್ರತಿ ಕಂತಿನ ಮುಂದೆ ನೀಲಿ ಶಾಯಿಯ ಸಹಿ, ಕೊನೆಯ ಸಾಲಿನ ಮೇಲೆ ಅರಿಶಿನ ಮೆತ್ತಿದ ಬೆರಳಿನ ಗುರುತು.

ಆ ಜಗಲಿಯ ಮೇಲೆ ನಡೆದದ್ದೆಲ್ಲ ನಿಯಮಬಾಹಿರ. ರಿಸರ್ವ್ ಬ್ಯಾಂಕಿನ 2022ರ ಮೈಕ್ರೋಫೈನಾನ್ಸ್ ನಿರ್ದೇಶನದ ಪ್ರಕಾರ ವಸೂಲಿಯ ಫೋನು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಬರಕೂಡದು. ಕಂತು ಕಟ್ಟುವುದು ಇಬ್ಬರೂ ಒಪ್ಪಿದ ಜಾಗದಲ್ಲಿ. ಸಾಲಗಾರರು ಅಲ್ಲಿಗೆ ಸತತ ಎರಡು ಸಲ ಬಾರದಿದ್ದರೆ ಮಾತ್ರ ಮನೆಗೆ ಹೋಗಬಹುದು. ಬೈಯುವುದು, ನೆಂಟರನ್ನು ಪೀಡಿಸುವುದು, ಕಟ್ಟದಿದ್ದರೆ ಏನಾಗುತ್ತದೆ ಎಂದು ತಪ್ಪು ಹೇಳಿ ಹೆದರಿಸುವುದು ನಿಷಿದ್ಧ. ಈ ಕೊನೆಯದನ್ನೇ ಎಲ್ಲರೂ ಮರೆಯುತ್ತಾರೆ. ಸಿಬಿಲ್ ‘ಹೊಡೆಯುವ’ ಅಧಿಕಾರ ಯಾವ ವಸೂಲಿಗಾರನಿಗೂ ಇಲ್ಲ. ಕಟ್ಟಿದವಳನ್ನು ಕಟ್ಟದವಳು ಎಂದು ಬರೆದರೆ ಅದು ಸುಳ್ಳು ದಾಖಲೆ.

2025ರಲ್ಲಿ ಕರ್ನಾಟಕ, ತಮಿಳುನಾಡು ಎರಡೂ ಎಚ್ಚೆತ್ತವು. ಕರ್ನಾಟಕದ ಸುಗ್ರೀವಾಜ್ಞೆ ಫೆಬ್ರವರಿ 12ರಂದು ಜಾರಿಗೆ ಬಂತು: 10 ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡ. ಅದೇ ವರ್ಷ ತಮಿಳುನಾಡೂ ಬಲವಂತದ ವಸೂಲಿಯ ವಿರುದ್ಧ ಕಾಯ್ದೆ ತಂದಿತು. ಇವುಗಳ ಬಗ್ಗೆ ನನಗೆ ಗೌರವವಿದೆ. ಹೆಂಗಸರು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಲು ಇವು ಧೈರ್ಯ ಕೊಟ್ಟಿವೆ. ಆದರೆ ಇವು ಕಾಯುವುದು ಜಗಲಿಯನ್ನು. ಹುಡುಗ ಎದ್ದುಹೋದ ಮೇಲೂ ಕಡತದೊಳಗೆ ಉಳಿಯುವ ಬಾಕಿಯನ್ನು ತೆಗೆಸಲು ಸಾಲ ಮಾಹಿತಿ ಕಂಪನಿಗಳ ಕುರಿತ 2005ರ ಕೇಂದ್ರ ಕಾಯ್ದೆಯನ್ನೇ ಹಿಡಿಯಬೇಕು.

ಆ ದಾರಿ ಕಾಗದದ ಮೇಲೆ ಚೆನ್ನಾಗಿದೆ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕೂ ಸಾಲ ಮಾಹಿತಿ ಕಂಪನಿಗಳು ವರ್ಷಕ್ಕೊಂದು ವರದಿಯನ್ನು ಪುಕ್ಕಟೆ ಕೊಡಬೇಕು. ದೂರು 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಿಗಬೇಕು. 2024ರ ಏಪ್ರಿಲ್‌ನಿಂದ ಈ ಪರಿಹಾರದ ನಿಯಮ ಜಾರಿಯಲ್ಲಿದೆ. ಚಿಕ್ಕಮ್ಮನ ದೂರು 26ನೇ ದಿನಕ್ಕೆ ಸರಿಹೋಯಿತು. ನಿಯಮದ ಲೆಕ್ಕದಲ್ಲಿ ಯಾರದೂ ತಪ್ಪಿಲ್ಲ, ಪರಿಹಾರವೂ ಇಲ್ಲ. ಅಷ್ಟರಲ್ಲಿ ಹಸು ಬೇರೆಯವರ ಕೊಟ್ಟಿಗೆ ಸೇರಿತ್ತು.

ನನ್ನ ಆಕ್ಷೇಪ ಇರುವುದು ಇಲ್ಲೇ. ತಪ್ಪು ಬರೆದವರು ಸಾಲ ಕೊಟ್ಟವರು. ಹುಡುಕಿ ತಿದ್ದಿಸುವ ದುಡಿಮೆ ಸಾಲ ತೀರಿಸಿದವರದು. ಇಮೇಲ್ ಬೇಕು, ಒಟಿಪಿ ಬೇಕು, ನಮಗೆ ಬಂದ ವರದಿ ಇಂಗ್ಲಿಷಿನಲ್ಲಿತ್ತು. ಚಿಕ್ಕಮ್ಮನಿಗೆ ನಾನಿದ್ದೆ. ಗುಂಪಿನ ಉಳಿದವರಿಗೆ ಯಾರಿದ್ದಾರೆ? ಕೊನೆಯ ಕಂತು ಕಟ್ಟಿದ ಸಭೆಯಲ್ಲೇ ಬಾಕಿ ಇಲ್ಲವೆಂಬ ಪತ್ರ ಕೊಡಬೇಕು. ಕಡತದಲ್ಲಿ ಸಾಲ ಮುಚ್ಚಿದ್ದಕ್ಕೆ ಪುರಾವೆಯನ್ನು ಸಾಲ ತೀರಿಸಿದವರು ಓದಬಲ್ಲ ಭಾಷೆಯಲ್ಲಿ ಸಾಲ ಕೊಟ್ಟವರೇ ತಂದೊಪ್ಪಿಸಬೇಕು. ಇಷ್ಟನ್ನು ಕಡ್ಡಾಯ ಮಾಡದ ಯಾವ ಕಾನೂನನ್ನೂ ನಾನು ಅರೆ ಕಾನೂನು ಎಂದೇ ಕರೆಯುತ್ತೇನೆ.

ಅಲ್ಲಿಯವರೆಗೆ ಒಂದು ಕೋರಿಕೆ: ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಗುಂಪು ಸಾಲ ತೀರಿಸಿದವರಿದ್ದರೆ ಆ ಕಾರ್ಡನ್ನು ಒಲೆಗೆ ಹಾಕಲು ಬಿಡಬೇಡಿ. ಅವರ ಪಕ್ಕ ಕೂತು ಈ ವರ್ಷದ ವರದಿ ತೆಗೆಸಿ, ಓದಿ ಹೇಳಿ.