ಸಾರ್ಥದ ದಾರಿ, ಕಾರಿನ ದಾರಿ: ಮೊರಾಕೊದ ಏಳು ದಿನಗಳ ಪ್ರವಾಸ ಯೋಜನೆ

ಮೊರಾಕೊ ದೇಶವನ್ನು ಏಳು ದಿನಗಳಲ್ಲಿ ಖಾಸಗಿ ಕಾರಿನಲ್ಲಿ ಸುತ್ತಿ ಬರುವ ಪ್ರವಾಸಕ್ಕೆ ಈಗ ಒಂದು ಸಿದ್ಧ ಅಚ್ಚು ಏರ್ಪಟ್ಟಿದೆ. ಕಾಸಾಬ್ಲಾಂಕಾದಲ್ಲಿ ಇಳಿದು, ರಬಾತ್ ನೋಡಿ, ನೀಲಿ ಗೋಡೆಗಳಿಂದ ಹೆಸರಾದ ಉತ್ತರದ ಬೆಟ್ಟದೂರು ಶೆಫ್‌ಶಾವೆನ್‌ನಲ್ಲಿ ಒಂದು ರಾತ್ರಿ ತಂಗಿ, ಫೆಸ್ ನಗರವನ್ನು ಒಂದು ಹಗಲಿನಲ್ಲಿ ಮುಗಿಸಿ, ಅಟ್ಲಾಸ್ ಪರ್ವತಗಳನ್ನು ದಾಟಿ ಮೆರ್ಜೂಗಾದ ಮರಳು ದಿಬ್ಬಗಳ ನಡುವೆ ಡೇರೆಯಲ್ಲಿ ಒಂದಿರುಳು ಕಳೆದು, ದಾದೆಸ್ ಕಣಿವೆಯ ಮಾರ್ಗವಾಗಿ ಮರಾಕೇಶ್ ಸೇರುವುದು ಅದರ ಸ್ವರೂಪ. ಇಂಥ ಯೋಜನೆಯನ್ನು ಒಂದು ಕೃತಿಯಂತೆ ಓದಿ ಬೆಲೆ ಕಟ್ಟುವುದು ಉಚಿತವೇ ಆಗಿದೆ, ಏಕೆಂದರೆ ಪ್ರವಾಸಿ ಏನನ್ನು ನೋಡುತ್ತಾನೆ ಎಂಬುದರ ಜೊತೆಗೆ ನೋಡಿದವುಗಳನ್ನು ಯಾವ ಸಂಬಂಧದಲ್ಲಿ ಗ್ರಹಿಸುತ್ತಾನೆ ಎಂಬುದನ್ನೂ ಅದು ಮೊದಲೇ ನಿರ್ಧರಿಸಿರುತ್ತದೆ.

ಈ ಅಚ್ಚಿನ ಮೂಲ ದೋಷವೆಂದರೆ, ಅದು ನಗರಗಳನ್ನು ಇತಿಹಾಸದ ಖಾತೆಗೂ ಮರುಭೂಮಿಯನ್ನು ನಿಸರ್ಗದ ಖಾತೆಗೂ ಬರೆದುಬಿಡುತ್ತದೆ. ಮೊರಾಕೊದ ಮಟ್ಟಿಗೆ ಈ ವಿಭಜನೆ ನಿಲ್ಲುವುದಿಲ್ಲ. ಮೆರ್ಜೂಗಾಕ್ಕೆ ಸುಮಾರು 40 ಕಿ.ಮೀ. ಮೊದಲು ಸಿಗುವ ರಿಸ್ಸಾನಿ ಎಂಬ ಪೇಟೆಯ ಅಂಚಿನಲ್ಲಿ ಸಿಜಿಲ್‌ಮಾಸಾದ ಮಣ್ಣಿನ ಅವಶೇಷಗಳಿವೆ, ಕ್ರಿ.ಶ. 757ರಲ್ಲಿ ಸ್ಥಾಪಿತವಾಯಿತೆಂದು ಇತಿಹಾಸಕಾರರು ಹೇಳುವ ಈ ನಗರ ಸಹಾರಾ ದಾಟುವ ಸಾರ್ಥಗಳಿಗೆ, ಎಂದರೆ ಒಂಟೆಗಳ ಸಾಲಿನೊಡನೆ ಗುಂಪಾಗಿ ಸಾಗುವ ವರ್ತಕರ ತಂಡಗಳಿಗೆ, ಉತ್ತರದ ಹೆಬ್ಬಾಗಿಲಾಗಿತ್ತು. ಪಶ್ಚಿಮ ಆಫ್ರಿಕಾದ ಚಿನ್ನ ಇಲ್ಲಿಗೆ ಬಂದು ಫೆಸ್‌ನತ್ತ ಹೋಗುತ್ತಿತ್ತು, ಮರುಭೂಮಿಯ ಗಣಿಗಳ ಉಪ್ಪು ದಕ್ಷಿಣಕ್ಕೆ ಇಳಿಯುತ್ತಿತ್ತು. ಸಹಾರಾದಿಂದ ಎದ್ದುಬಂದ ಅಲ್ಮೊರಾವಿದ್ ಅರಸುಮನೆತನದವರು 11ನೆಯ ಶತಮಾನದ ನಡುವಿನಲ್ಲಿ ಮೊದಲು ಸಿಜಿಲ್‌ಮಾಸಾವನ್ನು ಹಿಡಿದು, ಆಮೇಲೆ 1070ರ ಸುಮಾರಿಗೆ ಮರಾಕೇಶ್ ನಗರವನ್ನು ಕಟ್ಟಿದರೆಂಬುದನ್ನು ನೆನೆದರೆ, ಪ್ರವಾಸದ ಕೊನೆಯ ನಗರ ಅದರ ನಡುವಿನ ಮರುಭೂಮಿಯಿಂದಲೇ ಹುಟ್ಟಿದ್ದೆಂಬುದು ತಿಳಿಯುತ್ತದೆ. ಆದರೂ ಹೆಚ್ಚಿನ ಕಾರುಗಳು ಸೂರ್ಯಾಸ್ತಕ್ಕೆ ಮುನ್ನ ದಿಬ್ಬಗಳನ್ನು ಮುಟ್ಟುವ ಆತುರದಲ್ಲಿ ರಿಸ್ಸಾನಿಯಲ್ಲಿ ನಿಲ್ಲದೆ ಮುಂದೆ ಸಾಗುತ್ತವೆ.

ಈ ಸಾರ್ಥದ ದಾರಿಯ ಅತ್ಯುತ್ತಮ ಸಾಕ್ಷಿಯಾದ ಇಬ್ನ್ ಬತೂತ ಕರ್ನಾಟಕಕ್ಕೆ ಅಪರಿಚಿತನಲ್ಲ. 1304ರಲ್ಲಿ ಮೊರಾಕೊದ ತಾಂಜಿಯರ್‌ನಲ್ಲಿ ಹುಟ್ಟಿದ ಈ ಯಾತ್ರಿಕ 1340ರ ದಶಕದಲ್ಲಿ ಹೊನ್ನಾವರದಲ್ಲಿ ತಂಗಿ, ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದುದನ್ನು ಮೆಚ್ಚಿ ದಾಖಲಿಸಿದವನು; ಬಾರ್ಕೂರು, ಮಂಗಳೂರುಗಳೂ ಅವನ ಪ್ರವಾಸಕಥನದಲ್ಲಿವೆ. ಅದೇ ವ್ಯಕ್ತಿ ಫೆಸ್‌ನಿಂದ ಸಿಜಿಲ್‌ಮಾಸಾಕ್ಕೆ ಬಂದು, ಒಂಟೆಗಳನ್ನು ಕೊಂಡು, ನಾಲ್ಕು ತಿಂಗಳು ಅವಕ್ಕೆ ಮೇವು ಹಾಕಿ ಬಲಪಡಿಸಿ, 1352ರ ಫೆಬ್ರವರಿಯಲ್ಲಿ ಸಾರ್ಥದೊಂದಿಗೆ ಹೊರಟು 25 ದಿನಗಳ ನಂತರ ಉಪ್ಪಿನ ಗಣಿಯ ಊರಾದ ತಗಾಜಾ ತಲುಪಿದನು. ಉಪ್ಪಿನ ಗಟ್ಟಿಗಳಿಂದ ಗೋಡೆ ಕಟ್ಟಿ ಒಂಟೆಯ ಚರ್ಮ ಹೊದಿಸಿದ ಅಲ್ಲಿನ ಮನೆಗಳನ್ನು ಆತ ವರ್ಣಿಸಿದ್ದಾನೆ. ಹಿಂದಿರುಗಿದ ಮೇಲೆ ಅವನ ಕಥನವನ್ನು ಬರೆಸಿದ ಸುಲ್ತಾನ ಅಬೂ ಇನಾನ್ ಕಟ್ಟಿಸಿದ ಬೂ ಇನಾನಿಯಾ ಮದರಸಾ, ಎಂದರೆ ಧರ್ಮ ಮತ್ತು ಶಾಸ್ತ್ರಗಳ ವಿದ್ಯಾಲಯ, ಇಂದಿಗೂ ಫೆಸ್‌ನಲ್ಲಿ ಎಲ್ಲ ಧರ್ಮದವರಿಗೂ ತೆರೆದಿದೆ. ಫೆಸ್‌ನಿಂದ ಹೊರಟು ರಿಸ್ಸಾನಿ ಸೇರುವ ಕಾರು ಮೂಲತಃ ಇಬ್ನ್ ಬತೂತನ ದಿಕ್ಕನ್ನೇ ಹಿಡಿದಿರುತ್ತದೆ, ಮತ್ತು ಪ್ರಚಲಿತ ಯೋಜನೆಯಲ್ಲಿ ಎತ್ತಿ ಹೇಳಬೇಕಾದ ದೊಡ್ಡ ಗುಣವೂ ಇದೇ. ಮರಾಕೇಶ್‌ನಿಂದ ಹೊರಟು ಅಲ್ಲಿಗೇ ಮರಳುವ ಮೂರು ದಿನಗಳ ಓಟದಲ್ಲಿ ಈ ಗುಣ ಸಂಪೂರ್ಣ ಕಳೆದುಹೋಗುತ್ತದೆ.

ಖರ್ಚಿನ ದೃಷ್ಟಿಯಿಂದ ನೋಡಿದರೆ ಯೋಜನೆಯ ಮೊದಲರ್ಧ ಸಮರ್ಥನೀಯವಲ್ಲ. ತಾಂಜಿಯರ್, ರಬಾತ್, ಕಾಸಾಬ್ಲಾಂಕಾ, ಫೆಸ್, ಮರಾಕೇಶ್‌ಗಳ ನಡುವೆ ಒಳ್ಳೆಯ ರೈಲುಗಳಿವೆ. ಫೆಸ್‌ನ ಮದೀನಾ, ಎಂದರೆ ಕೋಟೆಗೋಡೆಯೊಳಗಿನ ಹಳೆಯ ಊರು, ಕಾರು ನುಗ್ಗದಷ್ಟು ಇಕ್ಕಟ್ಟಾದ ಓಣಿಗಳಿಂದ ಆಗಿದ್ದು, ಅಲ್ಲಿ ಸರಕು ಸಾಗುವುದು ಇಂದಿಗೂ ಹೇಸರಗತ್ತೆ ಮತ್ತು ಕೈಗಾಡಿಗಳ ಮೇಲೆ. ಹೀಗಾಗಿ ದಿನಬಾಡಿಗೆಯ ಕಾರು ಉತ್ತರದಲ್ಲಿ ಗೋಡೆಯ ಹೊರಗೆ ಸುಮ್ಮನೆ ನಿಂತಿರುತ್ತದೆ. ಮೆರ್ಜೂಗಾ, ದಾದೆಸ್, ವರ್ಜಾಜಾತ್‌ಗಳಿಗೆ ರೈಲಿಲ್ಲವಾದ್ದರಿಂದ ಖಾಸಗಿ ವಾಹನಕ್ಕೆ ನಿಜವಾದ ಕೆಲಸವಿರುವುದು ಅಟ್ಲಾಸ್‌ನ ಆಚೆಗೇ. ಕಾಸಾಬ್ಲಾಂಕಾ, ರಬಾತ್, ಶೆಫ್‌ಶಾವೆನ್‌ಗಳನ್ನು ಕೈಬಿಟ್ಟು ನೇರವಾಗಿ ಫೆಸ್‌ಗೆ ಬಂದು, ಅಲ್ಲಿ ಎರಡು ಪೂರ್ಣ ದಿನ ನಡೆದಾಡಿ, ಮೂರನೆಯ ದಿನ ಕಾರು ಹತ್ತುವುದು ಹೆಚ್ಚು ವಿವೇಕದ ಕ್ರಮ. ಉಳಿಯಲು ರಿಯಾದ್ ಆರಿಸಿಕೊಂಡರೆ, ಹೊರಗೋಡೆಗೆ ಕಿಟಕಿಗಳೇ ಇಲ್ಲವೆನ್ನುವಷ್ಟು ಕಡಿಮೆಯಿದ್ದು ಗಾಳಿ ಬೆಳಕೆಲ್ಲ ನಡುವಿನ ಅಂಗಳದಿಂದ ಬರುವ, ಮಲೆನಾಡಿನ ತೊಟ್ಟಿಮನೆಯನ್ನು ನೆನಪಿಗೆ ತರುವ ಆ ಮನೆಯೇ ನಗರದ ಮೊದಲ ಪಾಠವಾಗುತ್ತದೆ. ವಾಹನ ನಡೆಸುವ ಪರವಾನಗಿಯೂ ಗೈಡ್ ಕೆಲಸದ ಪರವಾನಗಿಯೂ ಬೇರೆಬೇರೆಯಾದ್ದರಿಂದ ಮದೀನಾಕ್ಕೆ ಅಧಿಕೃತ ಗೈಡ್ ಒಬ್ಬರನ್ನು ಪ್ರತ್ಯೇಕವಾಗಿ ಗೊತ್ತುಮಾಡಿಕೊಳ್ಳಬೇಕು; ಶುಕ್ರವಾರ ಮಧ್ಯಾಹ್ನದ ಪ್ರಾರ್ಥನೆಯ ವೇಳೆಗೆ ಬಹುಪಾಲು ಅಂಗಡಿಗಳು ಮುಚ್ಚುವುದರಿಂದ ಆ ದಿನವನ್ನು ಫೆಸ್‌ಗೆ ಇಡಬಾರದು.

ಮರುಭೂಮಿಯ ಭಾಗದಲ್ಲಿ ಯೋಜನೆ ಇನ್ನೂ ದುರ್ಬಲವಾಗಿದೆ. ಎರ್ಗ್ ಎಂದರೆ ಗಾಳಿ ಕಟ್ಟಿದ ಮರಳು ದಿಬ್ಬಗಳ ಹರವು. ಮೆರ್ಜೂಗಾದ ಎರ್ಗ್ ಶೆಬ್ಬಿಯ ಉದ್ದ 30 ಕಿ.ಮೀ.ಗಿಂತ ಕಡಿಮೆಯಿದ್ದು, ಅದರ ಎತ್ತರದ ದಿಬ್ಬಗಳು 150 ಮೀಟರಿನವರೆಗೆ ಏರುತ್ತವೆ. ಅದರ ಸೌಂದರ್ಯವನ್ನು ಅಲ್ಲಗಳೆಯಲಾಗದು. ಆದರೆ ಸುತ್ತಲ ಮರುಭೂಮಿಯಲ್ಲಿ ಹೆಚ್ಚಿನದು ಹಮ್ಮಾದಾ, ಅಂದರೆ ಮರಳೆಲ್ಲ ಹಾರಿಹೋಗಿ ಕಲ್ಲಷ್ಟೇ ಉಳಿದ ಗಟ್ಟಿ ಬಯಲು. ಕಾರಿನ ಕಿಟಕಿಯಿಂದ ಗಂಟೆಗಟ್ಟಲೆ ಕಾಣುವ ಈ ನೆಲವನ್ನು ಯೋಜನೆಯ ಹಾಳೆ ಹೆಸರಿಸುವುದೂ ಇಲ್ಲ. ಅದಕ್ಕಿಂತ ದೊಡ್ಡ ಮರೆವು ನೀರಿನದು. ಜೀಜ್ ನದಿಯ ಕಣಿವೆಯುದ್ದಕ್ಕೂ ಬೆಳೆದ ಖರ್ಜೂರದ ತೋಪುಗಳೇ ತಾಫಿಲಾಲ್ತ್ ಎಂಬ ಈ ಮರುವನ ಪ್ರದೇಶವನ್ನು ಸಾಕಿದವು, ಮತ್ತು ಅದರ ಬಲದಿಂದಲೇ ಸಿಜಿಲ್‌ಮಾಸಾ ನಿಂತಿತ್ತು. ಎರ್ಫೂದ್ ಪಟ್ಟಣದ ಪಶ್ಚಿಮಕ್ಕೆ ರಸ್ತೆಯ ಪಕ್ಕದಲ್ಲಿ ಸಾಲಾಗಿ ಕಾಣುವ ಮಣ್ಣಿನ ಗುಡ್ಡೆಗಳು ಖತ್ತಾರಾಗಳ ಬಾಯಿಗಳು: ಮೇಲ್ಭಾಗದ ಅಂತರ್ಜಲವನ್ನು ನೆಲದಡಿಯ ಇಳಿಜಾರು ಸುರಂಗದಲ್ಲಿ ಯಂತ್ರವಿಲ್ಲದೆ ಹೊಲಕ್ಕೆ ಹರಿಸುವ ಈ ವ್ಯವಸ್ಥೆ, ಬಹಮನಿ ಸುಲ್ತಾನರ ಬೀದರ್‌ನಲ್ಲಿ ಕರೇಜ್ ಎಂಬ ಹೆಸರಿನಿಂದ ಉಳಿದಿರುವ ವಿದ್ಯೆಯ ಇನ್ನೊಂದು ಕೊಂಬೆ. 1971ರಲ್ಲಿ ಮುಗಿದ ಹಸನ್ ಅದ್ದಾಖಿಲ್ ಅಣೆಕಟ್ಟು ನದಿಯ ಹರಿವನ್ನು ಬದಲಿಸಿದ ಮೇಲೆ, ಮೋಟರ್ ಪಂಪುಗಳು ಅಂತರ್ಜಲವನ್ನು ಕೆಳಕ್ಕೆ ಎಳೆದ ಮೇಲೆ, ಖತ್ತಾರಾಗಳಲ್ಲಿ ಬಹಳಷ್ಟು ಒಣಗಿವೆ. ಇಂಥ ನೆಲದಲ್ಲಿ ಈಜುಕೊಳವಿರುವ ಬಿಡಾರವನ್ನೇ ಹುಡುಕಿ ಆರಿಸುವುದು ಅಭಿರುಚಿಯ ವಿಷಯವೆಂದು ಬಿಟ್ಟುಬಿಡುವಂಥದ್ದಲ್ಲ. ತಾಫಿಲಾಲ್ತ್‌ಗೆ ಎರಡು ರಾತ್ರಿ ಕೊಟ್ಟು, ಒಂದು ಬೆಳಗನ್ನು ರಿಸ್ಸಾನಿಯ ಸಂತೆಗೂ ಸಿಜಿಲ್‌ಮಾಸಾಕ್ಕೂ ಮೀಸಲಿಟ್ಟರೆ, ದಿಬ್ಬಗಳ ಮೇಲಿನ ಸಂಜೆಗೂ ಒಂದು ಹಿನ್ನೆಲೆ ಒದಗುತ್ತದೆ.

ದೂರದ ಲೆಕ್ಕವನ್ನು ಈ ಹಾಳೆಗಳು ಕಿಲೋಮೀಟರುಗಳಲ್ಲಿ ಹೇಳಿ ಗಂಟೆಗಳನ್ನು ಮರೆಸುತ್ತವೆ. ಫೆಸ್‌ನಿಂದ ಮೆರ್ಜೂಗಾಕ್ಕೆ ಸುಮಾರು 470 ಕಿ.ಮೀ. ಇದ್ದರೂ ಬೆಟ್ಟದ ತಿರುವುಗಳಿಂದಾಗಿ ಅದು ಎಂಟು ಗಂಟೆಗಳ ಪಯಣ, ಮತ್ತು ಅಷ್ಟೂ ಹೊತ್ತು ಚಕ್ರ ಹಿಡಿಯುವವನು ಒಬ್ಬನೇ ಚಾಲಕ. ಸೇಬಿನ ತೋಟಗಳ ಪಟ್ಟಣವಾದ ಮಿದೆಲ್ತ್‌ನಲ್ಲಿ ದಾರಿಯನ್ನು ಎರಡಾಗಿ ಒಡೆಯುವುದು ಅವನ ವಿಶ್ರಾಂತಿಗೂ ಪ್ರಯಾಣಿಕರ ಸುರಕ್ಷೆಗೂ ಅಗತ್ಯ. ಬೇಸಿಗೆಯಲ್ಲಿ ದಕ್ಷಿಣದ ಉಷ್ಣತೆ 40 ಡಿಗ್ರಿ ಮೀರುವುದರಿಂದಲೂ ಚಳಿಗಾಲದ ಹಿಮ ಕಣಿವೆಮಾರ್ಗಗಳನ್ನು ಮುಚ್ಚಬಹುದಾದ್ದರಿಂದಲೂ ವಸಂತ ಅಥವಾ ಶರತ್ಕಾಲವೇ ಸೂಕ್ತ.

ಕೊನೆಯ ದಿನದ ಐತ್ ಬೆನ್‌ಹದ್ದೂ ಒಂದು ಕ್ಸಾರ್, ಎಂದರೆ ಕುಟ್ಟಿದ ಮಣ್ಣಿನ ಗೋಡೆಗಳೊಳಗೆ ಒತ್ತಾಗಿ ಕಟ್ಟಿದ ಹಳ್ಳಿ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಅದನ್ನು ಸಿನಿಮಾಗಳ ಚಿತ್ರೀಕರಣವಾದ ಸ್ಥಳವೆಂದೇ ಪರಿಚಯಿಸುವ ರೂಢಿ ಬೇಸರ ಹುಟ್ಟಿಸುತ್ತದೆ, ಏಕೆಂದರೆ ಅದು ನಿಂತಿರುವುದು ದ್ರಾ ಕಣಿವೆಯಿಂದ ಮರಾಕೇಶ್‌ಗೆ ಹೋಗುತ್ತಿದ್ದ ಸಾರ್ಥಗಳ ಮಾರ್ಗದಲ್ಲಿ. ಆ ಹಳೆಯ ಮಾರ್ಗ ಒನಿಲಾ ಕಣಿವೆಯಲ್ಲಿ ತೆಲುವೆತ್‌ನತ್ತ ಏರಿ, ಅಲ್ಲಿಂದ ಮುಂದೆ 2,260 ಮೀಟರ್ ಎತ್ತರದ ತಿಝಿ ನ್ ತಿಶ್ಕಾದ ಹೆದ್ದಾರಿಯನ್ನು ಕೂಡಿಕೊಳ್ಳುತ್ತದೆ; ಅದರಲ್ಲಿ ಇಂದು ಕಾರಿನಲ್ಲೂ ಸಾಗಬಹುದು. ಆದರೆ ಈ ದಾರಿ ದಾಟುವ ಹೈ ಅಟ್ಲಾಸ್‌ನಲ್ಲಿ 2023ರ ಸೆಪ್ಟೆಂಬರ್ 8ರಂದು 6.8ರ ತೀವ್ರತೆಯ ಭೂಕಂಪ 2,900ಕ್ಕೂ ಹೆಚ್ಚು ಜನರ ಪ್ರಾಣ ತೆಗೆದು, ಪರ್ವತದ ಎಷ್ಟೋ ಹಳ್ಳಿಗಳ ಮನೆಗಳನ್ನು ನೆಲಸಮ ಮಾಡಿತು. ಈ ದಾರಿ ಹಿಡಿದರೆ ಮರಾಕೇಶ್‌ಗೆ ಸಂಜೆಯಷ್ಟೇ ಉಳಿಯುತ್ತದೆಂಬ ಆಕ್ಷೇಪ ನ್ಯಾಯವಾದದ್ದೇ; ಆದರೂ ರೈಲಿನಲ್ಲಿ ಇನ್ನೊಮ್ಮೆ ಸುಲಭವಾಗಿ ತಲುಪಬಹುದಾದ ನಗರಕ್ಕಾಗಿ ಒನಿಲಾ ಕಣಿವೆಯನ್ನು ಬಿಡದೆ, ರಸ್ತೆಯ ಸ್ಥಿತಿಯನ್ನು ಹಿಂದಿನ ರಾತ್ರಿ ವಿಚಾರಿಸಿಕೊಂಡು, ಮಧ್ಯಾಹ್ನದ ಊಟವನ್ನು ಅಲ್ಲಿನ ಹಳ್ಳಿಯೊಂದರಲ್ಲೇ ಮಾಡುವಂತೆ ಏಳನೆಯ ದಿನವನ್ನು ಹೊಂದಿಸಿಕೊಳ್ಳುವುದು ಮೇಲು.