ಗತಿ ಯಾರ ಕೈಯಲ್ಲಿ?

ದೇವನಹಳ್ಳಿ ಕೋಟೆಯ ಗೋಡೆಯ ಮೇಲೆ ಬೆಳಗಿನ ಹೊತ್ತು ನಡೆಯುವುದರ ಸೊಗಸನ್ನು ಕುರಿತು ಬರೆಯಬೇಕೆಂಬುದು ಈ ವಾರದ ಸಂಕಲ್ಪವಾಗಿತ್ತು. 1501ರಲ್ಲಿ ಮಲ್ಲಬೈರೇಗೌಡ ಮಣ್ಣಿನಲ್ಲಿ ಕಟ್ಟಿಸಿದ, 18ನೆಯ ಶತಮಾನದಲ್ಲಿ ಹೈದರಾಲಿಯ ಕಾಲಕ್ಕೆ ಕಲ್ಲಿನ ರೂಪ ಪಡೆದ ಈ ಕೋಟೆಯೊಳಗೆ ಇಂದಿಗೂ ಜನ ವಾಸವಾಗಿದ್ದು, ಬುರುಜಿನಿಂದ ಬುರುಜಿಗೆ ಸಾಗುವ ಅಲ್ಲಿನ ದಾರಿ ನಡಿಗೆಯ ರಸಿಕರಿಗೆ ಪಾಠಶಾಲೆಯೇ ಸರಿ. ಆದರೆ ಆ ದಾರಿಯಲ್ಲಿ ನಡೆಯುವ ಬಿಡುವು ಯಾರಿಗಿದೆ, ಯಾವ ಹೊತ್ತಿಗಿದೆ ಎಂಬ ಪ್ರಶ್ನೆ ಎದುರಾದೊಡನೆ ವಿಷಯ ಕೈತಪ್ಪಿ ನೇಕಾರರ ಊರಾದ ದೊಡ್ಡಬಳ್ಳಾಪುರದ ಕಡೆಗೆ ಹೊರಳಿತು. ಹೊತ್ತಿಗೆ ಮುಂಚೆ ಮಗ್ಗದ ಮುಂದೆ ನಿಲ್ಲಬೇಕಾದವನಿಗೂ, ಅಡುಗೆ ಮುಗಿಸಿ ಗಾರ್ಮೆಂಟ್ಸ್ ಬಸ್ಸು ಹಿಡಿಯಬೇಕಾದವಳಿಗೂ ಬುರುಜಿನ ಮೇಲಿನ ತಂಗಾಳಿಯನ್ನು ವರ್ಣಿಸುತ್ತ ಕೂರುವುದು ಅಷ್ಟೇನೂ ಸಭ್ಯವಾದ ಕೆಲಸವಲ್ಲ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಬೇಕೆನ್ನುವ ಪಂಥದವರೊಡನೆ ಈ ಅಂಕಣಕ್ಕಿರುವ ಹಳೆಯ ಜಗಳ ನಿತ್ಯದ ಓದುಗರಿಗೆ ತಿಳಿದದ್ದೇ. ಆ ಸಂಖ್ಯೆ ಯಾವ ವೈದ್ಯನ ಸಂಶೋಧನೆಯಿಂದಲೂ ಹುಟ್ಟಿದ್ದಲ್ಲ. 1964ರ ಟೋಕಿಯೊ ಒಲಿಂಪಿಕ್ಸ್‌ನ ಹುರುಪು ಇನ್ನೂ ಆರದಿದ್ದಾಗ, 1965ರಲ್ಲಿ, ಜಪಾನಿನ ಯಮಾಸ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆಮಾಪಕವೊಂದನ್ನು ಮಾರಾಟಕ್ಕೆ ತಂದಿತು, ಆ ಉಪಕರಣಕ್ಕೆ ಇಟ್ಟ ಹೆಸರಿನಲ್ಲೇ ಹತ್ತು ಸಾವಿರದ ಲೆಕ್ಕ ಅಡಗಿತ್ತು. 2019ರಲ್ಲಿ ಐ-ಮಿನ್ ಲೀ ಮತ್ತು ಸಂಗಡಿಗರು ಸರಾಸರಿ 72 ವರ್ಷ ವಯಸ್ಸಿನ 16,741 ಮಹಿಳೆಯರನ್ನು ಅಧ್ಯಯನ ಮಾಡಿ, ದಿನಕ್ಕೆ ಸುಮಾರು 7,500 ಹೆಜ್ಜೆಗಳ ಆಚೆಗೆ ಆಯುಷ್ಯದ ಲಾಭ ಹೆಚ್ಚುತ್ತ ಹೋಗುವುದಿಲ್ಲವೆಂದೂ, 4,400ರಷ್ಟು ಹೆಜ್ಜೆಗೇ ಗಣನೀಯ ಪ್ರಯೋಜನವಿದೆಯೆಂದೂ ತೋರಿಸಿದರು. ಇಷ್ಟಾದ ಮೇಲೂ ಮಣಿಕಟ್ಟಿನ ಗಡಿಯಾರ ನೋಡಿಕೊಂಡು, ಕೊನೆಯ ಮುನ್ನೂರು ಹೆಜ್ಜೆಗಾಗಿ ರಾತ್ರಿ ಹತ್ತು ಗಂಟೆಗೆ ಹಜಾರದಲ್ಲಿ ಸುತ್ತುವವರ ಸಂಖ್ಯೆಯೇನೂ ತಗ್ಗಿದಂತಿಲ್ಲ.

ಸಂಖ್ಯೆ ತಪ್ಪೆಂಬುದು ಈ ಜಗಳದ ಚಿಕ್ಕ ಭಾಗ ಮಾತ್ರ. ಹೆಜ್ಜೆಮಾಪಕಕ್ಕೆ ಎಲ್ಲ ಹೆಜ್ಜೆಯೂ ಒಂದೇ ಎಂಬುದು ಅದರ ನಿಜವಾದ ದೋಷ. ಹೊಸಕೋಟೆ, ನೆಲಮಂಗಲಗಳ ಹೆದ್ದಾರಿ ಬದಿಯ ಗೋದಾಮುಗಳಲ್ಲಿ ಕಪಾಟಿನಿಂದ ಕಪಾಟಿಗೆ ಸಾಮಾನು ಹುಡುಕುತ್ತ ಓಡಾಡುವ ಹುಡುಗ ಮಧ್ಯಾಹ್ನದ ಊಟಕ್ಕೆ ಮೊದಲೇ ಆ ಪಂಥದ ದಿನದ ಗುರಿಯನ್ನು ದಾಟಿರಬಹುದು. ಆದರೆ ಅವನು ಸಂಜೆ ಮನೆಗೆ ಮರಳುವುದು ವ್ಯಾಯಾಮ ಮಾಡಿ ಹಗುರಾದವನ ಹಾಗಲ್ಲ, ಬಸವಳಿದವನ ಹಾಗೆ. ಒಂದೇ ದೇಹ, ಒಂದೇ ಕಾಲು, ಒಂದೇ ಲೆಕ್ಕ; ಫಲ ಮಾತ್ರ ಬೇರೆ.

ಈ ವ್ಯತ್ಯಾಸದ ಶೋಧನೆಗೆ ಒಂದು ಸ್ವಾರಸ್ಯಕರವಾದ ಚರಿತ್ರೆಯಿದೆ. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯವಿಜ್ಞಾನಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯ ಕುರಿತು ಪ್ರಕಟಿಸಿದ ಅಧ್ಯಯನವು, ದಿನವಿಡೀ ಕೂತಿರುವ ಚಾಲಕರಿಗಿಂತ, ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದಯರೋಗ ಕಡಿಮೆಯೆಂಬುದನ್ನು ತೋರಿಸಿ, ದೈಹಿಕ ಚಟುವಟಿಕೆಯ ವಿಜ್ಞಾನಕ್ಕೇ ತಳಪಾಯ ಹಾಕಿತು. ವ್ಯಾಯಾಮದ ಪ್ರಚಾರಕರು ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಅದೇ ಮಾರಿಸ್ 1956ರಲ್ಲಿ ಸಮವಸ್ತ್ರಗಳ ಅಳತೆಯ ದಾಖಲೆಗಳನ್ನು ತೆಗೆಸಿ ನೋಡಿದಾಗ, ಚಾಲಕರ ಪ್ಯಾಂಟುಗಳ ಸೊಂಟದ ಸುತ್ತಳತೆ ಎಳೆಯ ವಯಸ್ಸಿನಲ್ಲೇ ನಿರ್ವಾಹಕರದಕ್ಕಿಂತ ದೊಡ್ಡದಾಗಿದ್ದದ್ದು ಕಂಡುಬಂದಿತು. ಅಂದರೆ ಎಲ್ಲ ಪುಣ್ಯವನ್ನೂ ಮೆಟ್ಟಿಲುಗಳ ಖಾತೆಗೆ ಬರೆಯುವಂತಿರಲಿಲ್ಲ. ತನ್ನ ತೀರ್ಮಾನಕ್ಕೆ ತಾನೇ ದರ್ಜಿಯ ಟೇಪು ಹಿಡಿದು ನಿಂತ ಈ ಪ್ರಾಮಾಣಿಕತೆ ಇಂದಿನ ಆರೋಗ್ಯ ಬೋಧಕರಲ್ಲಿ ಅಪರೂಪ.

ಇತ್ತೀಚಿನ ದಶಕಗಳಲ್ಲಿ ಡೆನ್ಮಾರ್ಕಿನ ಆಂದ್ರೆಯಾಸ್ ಹೋಲ್ಟರ್‌ಮನ್ ಮೊದಲಾದವರು ಈ ಗಂಟನ್ನು ಇನ್ನಷ್ಟು ಬಿಡಿಸಿದ್ದಾರೆ. ಬಿಡುವಿನ ವೇಳೆಯ ಚಲನೆ ಹೃದಯಕ್ಕೆ ಹಿತವಾಗಿದ್ದರೆ, ದುಡಿಮೆಯ ಭಾರೀ ಚಲನೆ ಅಂಥ ಹಿತವನ್ನು ತರುವುದಿಲ್ಲ, ಎಷ್ಟೋ ಸಲ ಕೇಡನ್ನೇ ತರುತ್ತದೆ ಎಂಬ ಈ ಸಂಗತಿಯನ್ನು ಅವರು ಚಟುವಟಿಕೆಯ ವಿರೋಧಾಭಾಸವೆಂದು ಕರೆಯುತ್ತಾರೆ. ಕೆಲಸದ ಚಲನೆ ಗಂಟೆಗಟ್ಟಲೆ ಎಡೆಬಿಡದೆ ಸಾಗುತ್ತದೆ, ದಣಿವಾರಿಸಿಕೊಳ್ಳಲು ಎಡೆ ಸಿಗುವುದಿಲ್ಲ, ರಕ್ತದ ಒತ್ತಡ ಏರಿದ್ದು ಇಳಿಯುವುದಿಲ್ಲ, ಎಲ್ಲಕ್ಕಿಂತ ಮಿಗಿಲಾಗಿ ಯಾವಾಗ ನಿಲ್ಲಬೇಕು, ಎಷ್ಟು ವೇಗವಾಗಿ ಸಾಗಬೇಕು ಎಂಬ ತೀರ್ಮಾನ ದುಡಿಯುವವನದಾಗಿರುವುದಿಲ್ಲ ಎಂಬುದು ಅವರು ಮುಂದಿಡುವ ವಿವರಣೆ. ನಡಿಗೆಯ ಅಂಕಣವೊಂದು ನೇಯ್ಗೆಯ ಊರಿಗೆ ಹೋಗಬೇಕಾದದ್ದು ಈ ಕೊನೆಯ ಮಾತಿಗಾಗಿಯೇ.

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಕಾಲಿಟ್ಟವರಿಗೆ ಮೊದಲು ಎದುರಾಗುವುದು ಸದ್ದು. ವಿದ್ಯುತ್ ಮಗ್ಗದ ಲಾಳಿ, ಅಂದರೆ ಹಾಸಿನ ಎಳೆಗಳ ನಡುವೆ ಹೊಕ್ಕಿನ ನೂಲನ್ನು ಕೊಂಡೊಯ್ಯುವ ಸಾಧನ, ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಆಚೀಚೆ ಹೊಡೆಯುತ್ತದೆ; ಒಂದೇ ಕೋಣೆಯಲ್ಲಿ ಹಲವು ಮಗ್ಗಗಳು ಕೂಡಿದರೆ ಮಾತು ಕೇಳಿಸುವುದಿಲ್ಲ, ಕೈಸನ್ನೆಯೇ ಗತಿ. ಇಲ್ಲಿ ನೇಕಾರನಿಗೆ ಚಲನೆಯ ಕೊರತೆಯೇನೂ ಇಲ್ಲ. ಮಗ್ಗದಿಂದ ಮಗ್ಗಕ್ಕೆ ನಡೆಯುತ್ತಾನೆ, ಕಡಿದ ಎಳೆಯನ್ನು ಬಗ್ಗಿ ಕಟ್ಟುತ್ತಾನೆ, ಕಂಡಿಕೆ, ಎಂದರೆ ಲಾಳಿಯೊಳಗೆ ಕೂರುವ ನೂಲಿನ ಚಿಕ್ಕ ಉರುಳೆ, ಮುಗಿದಾಗ ಬದಲಾಯಿಸುತ್ತಾನೆ. ಆದರೆ ಈ ಪ್ರತಿಯೊಂದು ಬಾಗೂ ತಿರುವೂ ಮೋಟಾರಿನ ಕರೆಗೆ ಓಗೊಟ್ಟದ್ದೇ ಹೊರತು ದೇಹದ ಬಯಕೆಯಿಂದ ಬಂದದ್ದಲ್ಲ. ಕರೆಂಟು ಹೋದಾಗ ಇಡೀ ಬೀದಿ ಏಕಾಏಕಿ ಮೌನವಾಗಿ, ಜನ ಹೊಸ್ತಿಲಾಚೆ ಬಂದು ಬೆನ್ನು ನೀಟುವ ದೃಶ್ಯವನ್ನು ಕಂಡವರು, ವಿದ್ಯುತ್ ಪೂರೈಸುವ ಬೆಸ್ಕಾಂ ಕಂಪನಿಯ ಈ ಅಘೋಷಿತ ವ್ಯಾಯಾಮ ಯೋಜನೆಯನ್ನು ಮೆಚ್ಚದಿರಲಾರರು. ಕೂಲಿ ಗಜದ ಲೆಕ್ಕದಲ್ಲಿ ಬರುವವನಿಗೆ ಮಾತ್ರ ಆ ಮೆಚ್ಚುಗೆ ದುಬಾರಿ.

ಕೈಮಗ್ಗದ ಲಯ ಬೇರೆಯಾಗಿತ್ತು. ಕುಣಿಮಗ್ಗ ಎಂದರೆ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಕಾಲು ಕೆಳಗಿನ ತುಳಿಹಲಗೆಯನ್ನು ಒತ್ತಿದಾಗ ಹಾಸಿನ ಎಳೆಗಳು ಎರಡಾಗಿ ಬಾಯ್ದೆರೆಯುತ್ತವೆ, ಒಂದು ಕೈ ಲಾಳಿಯ ಹಗ್ಗ ಎಳೆಯುತ್ತದೆ, ಇನ್ನೊಂದು ಕೈ ಹಲಗೆಯನ್ನು ಬಡಿದು ಹೊಕ್ಕನ್ನು ಕೂರಿಸುತ್ತದೆ. ಇಷ್ಟು ಅಂಗಗಳ ಹೊಂದಾಣಿಕೆಯಲ್ಲಿ ಗತಿಯನ್ನು ನಿರ್ಧರಿಸುವುದು ಕಾಲು. ಆದ್ಯ ವಚನಕಾರರಲ್ಲಿ ಒಬ್ಬನಾದ ಜೇಡರ ದಾಸಿಮಯ್ಯ ತನ್ನ ಪ್ರಸಿದ್ಧ ವಚನವೊಂದರಲ್ಲಿ ಮಗ್ಗದ ಅಂಗಾಂಗಗಳನ್ನೆಲ್ಲ ಹೆಸರಿಸಿ, ಕೊನೆಗೆ ಸೀರೆಯನ್ನು ನೇಯ್ದವರು ಯಾರೆಂಬ ಪ್ರಶ್ನೆಯನ್ನು ರಾಮನಾಥನ ಮುಂದಿಡುತ್ತಾನೆ. ಅದು ಭಕ್ತನ ಪ್ರಶ್ನೆಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಅಂಥದೊಂದು ಪ್ರಶ್ನೆ ಹುಟ್ಟಬೇಕಾದರೆ ಮೈಮರೆಯುವಷ್ಟು ಲಯ ಕೈಕಾಲುಗಳಲ್ಲಿ ಕೂಡಿರಬೇಕು, ಮತ್ತು ಆ ಲಯ ತನ್ನದೇ ಆಗಿರಬೇಕು. ಹಾಗೆಂದು ಕುಣಿಮಗ್ಗವನ್ನು ಸ್ವರ್ಗವೆಂದು ಸಾರಬೇಕಾಗಿಲ್ಲ. ತೇವದ ಕುಣಿಯಲ್ಲಿ ಕಾಲು, ಬಾಗಿದ ಬೆನ್ನು, ಮಂದ ಬೆಳಕು, ಇವುಗಳ ಜೊತೆಗೆ ಮುಂಗಡ ಕೊಟ್ಟ ಸಾಹುಕಾರನ ಹಿಡಿತ. ಒಂದೊಂದು ತುಳಿತದ ಗತಿ ನೇಕಾರನದಾಗಿದ್ದರೂ ಇಡೀ ದಿನ ಅವನದಾಗಿರಲಿಲ್ಲ.

ನೇಯ್ಗೆಯ ಲೋಕದಲ್ಲಿ ನಡಿಗೆಗೆ ನಿಜವಾದ ಪಟ್ಟವಿದ್ದದ್ದು ಹಾಸು ಹೂಡುವ ಕೆಲಸದಲ್ಲಿ. ಸೀರೆಯ ಉದ್ದಕ್ಕೆ ಓಡುವ ಎಳೆಗಳನ್ನು ಅಣಿಗೊಳಿಸಲು ದಕ್ಷಿಣ ಭಾರತದ ನೇಕಾರ ಕೇರಿಗಳಲ್ಲಿ ಬೀದಿಯುದ್ದಕ್ಕೂ ಗೂಟ ನೆಟ್ಟು, ನೂಲು ಹಿಡಿದು, ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಬರುತ್ತಿದ್ದರು. ಹತ್ತಿಯ ಹಾಸಾದರೆ ಅದಕ್ಕೆ ಗಂಜಿ ಕೊಟ್ಟು, ಬಿಸಿಲೇರುವ ಮುನ್ನ ಕುಂಚದಿಂದ ಬಾಚುತ್ತ ಮತ್ತೆ ಅಷ್ಟೇ ದೂರ ನಡೆಯಬೇಕಿತ್ತು. ಹಳೆಯ ನೇಕಾರ ಬೀದಿಗಳು ನೇರವಾಗಿಯೂ ಉದ್ದವಾಗಿಯೂ ಇರುವುದಕ್ಕೆ ಇದೂ ಒಂದು ಕಾರಣ. ಬಟ್ಟೆಯ ಉದ್ದವೆಂಬುದು ನಡೆದ ದೂರದಿಂದಲೇ ಹುಟ್ಟುತ್ತಿದ್ದ ಈ ಕೆಲಸದಲ್ಲಿ ಹೆಂಗಸರು, ಮಕ್ಕಳು, ಮುದುಕರು ಎಲ್ಲರಿಗೂ ಪಾಲಿತ್ತು, ದಾರಿಯಲ್ಲಿ ಮಾತಿಗೂ ಎಡೆಯಿತ್ತು. ಹಾಸಿನ ಡ್ರಮ್ಮು, ಅಂದರೆ ಎಳೆಗಳನ್ನು ಸುತ್ತಿಕೊಳ್ಳುವ ದೊಡ್ಡ ತಿರುಗುವ ಚೌಕಟ್ಟು, ಬಂದ ಮೇಲೆ ಬೀದಿಯಷ್ಟು ಉದ್ದದ ಕೆಲಸ ಕೋಣೆಯೊಂದರ ಮೂಲೆಗೆ ಸೇರಿತು. ಹೊಸ ಬಡಾವಣೆಗಳಲ್ಲಿ ಹಣ ಸುರಿದು ‘ವಾಕಿಂಗ್ ಟ್ರ್ಯಾಕ್’ ಕಟ್ಟಿಸುವ ಯೋಜಕರು, ಕೆಲಸಕ್ಕಾಗಿಯೇ ನಡಿಗೆಯ ಪಥವಾಗಿದ್ದ ಇಂಥ ಬೀದಿಯನ್ನು ಒಮ್ಮೆಯಾದರೂ ಅಳೆದು ನೋಡಬೇಕಿತ್ತು.

ಗತಿಯ ಒಡೆತನದ ಪ್ರಶ್ನೆಗೆ ಕನ್ನಡದಲ್ಲಿ ಇರುವ ಅತ್ಯುತ್ತಮ ಉತ್ತರ ಮಾತ್ರ ಮಗ್ಗದ ಬಳಿಯಲ್ಲ, ಬೀಸುವ ಕಲ್ಲಿನ ಬಳಿ ಸಿಗುತ್ತದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಕಲನವನ್ನು ತವರು, ತಾಯಿ, ತೊಟ್ಟಿಲುಗಳ ಭಾವಕೋಶವಾಗಿ ಓದುವುದೇ ರೂಢಿ. ಆದರೆ ಅದನ್ನು ಚಲನೆಯ ಗ್ರಂಥವಾಗಿಯೂ ಓದಬಹುದು. ಬೀಸುವಾಗಲೂ ಹಾಡುತ್ತಿದ್ದ ಈ ಪದಗಳ ಮುಖ್ಯ ಛಂದಸ್ಸು ತ್ರಿಪದಿ. ಮೂರು ಸಾಲುಗಳಲ್ಲಿ ಒಟ್ಟು 11 ಗಣಗಳು, ಅವುಗಳಲ್ಲಿ 6ನೆಯದೂ 10ನೆಯದೂ ಚಿಕ್ಕದಾದ ಬ್ರಹ್ಮಗಣ, ಉಳಿದವು ವಿಷ್ಣುಗಣ. ಇವು ಅಂಶಗಣಗಳು, ಎಂದರೆ ಹಾಡುವಾಗ ಅಕ್ಷರವನ್ನು ಎಳೆಯಲೂ ಕುಗ್ಗಿಸಲೂ ಆಸ್ಪದವಿರುವ, ಮಾತ್ರೆಗಳ ಬಿಗಿಯಾದ ಎಣಿಕೆಗೆ ಕಟ್ಟುಬೀಳದ ಗಣಗಳು. ಎರಡನೆಯ ಸಾಲಿನ ಭಾಗವನ್ನು ಮರಳಿ ಹಾಡಿಕೊಂಡು ಮೂರನೆಯದಕ್ಕೆ ದಾಟುವ ಪದ್ಧತಿಯೂ ಇದಕ್ಕಿದೆ. ವಿದ್ವಾಂಸರು ಅಂಶಗಣದ ಪ್ರಾಚೀನತೆಯನ್ನು ಕುರಿತು ಸಾಕಷ್ಟು ಬರೆದಿದ್ದಾರೆ. ಕಲ್ಲಿನ ಮುಂದೆ ಕೂತವಳಿಗೆ ಅದರ ಉಪಯೋಗವೇನೆಂಬುದು ಅಷ್ಟೇ ಮುಖ್ಯವಾದ ವಿಚಾರ. ಅಂದು ಕಾಳು ಗಟ್ಟಿಯಾಗಿದ್ದರೆ, ತೋಳು ಸೋತಿದ್ದರೆ, ಎದುರಿಗೆ ಗೂಟ ಹಿಡಿದವಳು ಬಸುರಿಯಾಗಿದ್ದರೆ, ಸಾಲನ್ನು ಎಳೆದು ಹಾಡಿದಷ್ಟಕ್ಕೆ ಕಲ್ಲು ನಿಧಾನವಾಗುತ್ತದೆ. ಹಾಡು ಕೈಯನ್ನು ನಡೆಸುತ್ತದೆ, ಕೈ ಹಾಡನ್ನು ತಿದ್ದುತ್ತದೆ, ಇವೆರಡರ ಮೇಲೆ ಮೂರನೆಯ ಯಜಮಾನನಿಲ್ಲ. ಹಲಸಂಗಿಯ ಕಡೆ ಜೋಳವಾದರೆ ಇಲ್ಲಿ ರಾಗಿ. ರಾಗಿ ಬೀಸುವ ಪದಗಳು ಬೆಂಗಳೂರು ಸುತ್ತಿನ ಹಳ್ಳಿಗಳಲ್ಲೂ ಇದೇ ಕೆಲಸ ಮಾಡಿದವು. ಹಿಟ್ಟಿನ ಗಿರಣಿ ಬಂದಾಗ ಕಲ್ಲನ್ನು ಮೂಲೆಗೊತ್ತಿದ ಹೆಂಗಸರನ್ನು ದೂರುವ ಹಕ್ಕು ಯಾರಿಗೂ ಇಲ್ಲ, ಬೆಳಗಿನ ಜಾವದ ನಿದ್ದೆಗೂ ಬೆಲೆಯಿದೆ.

ಸಾಮೂಹಿಕ ಕವಾಯತಿನ ಪಂಥ ಬೀಸುವ ಪದದ ಈ ಸ್ವಂತ ಗತಿಗೆ ನೇರ ವಿರುದ್ಧ. 1928ರಲ್ಲಿ ಜಪಾನಿನಲ್ಲಿ ಆರಂಭವಾದ ರೇಡಿಯೊ ವ್ಯಾಯಾಮ ಇಂದಿಗೂ ಬೆಳಗಿನ ಆರೂವರೆಗೆ ಬಿತ್ತರವಾಗುತ್ತದೆ, ಅಲ್ಲಿನ ಅನೇಕ ಕಾರ್ಖಾನೆಗಳಲ್ಲಿ ಕೆಲಸಕ್ಕೆ ಮುನ್ನ ಎಲ್ಲರೂ ಒಂದೇ ಪಿಯಾನೊ ನಾದಕ್ಕೆ ತೋಳೆತ್ತುತ್ತಾರೆ. ಉದ್ಯಾನದಲ್ಲಿ ಸ್ವಇಚ್ಛೆಯಿಂದ ಸೇರುವ ವೃದ್ಧರಿಗೆ ಅದು ಆನಂದ ಕೊಡುತ್ತದೆಂಬುದು ನಿಜವಾದರೂ, ನಮ್ಮ ಕಾರ್ಖಾನೆಗಳಿಗೆ ಅದನ್ನು ತರಬೇಕೆನ್ನುವವರು ಮೋಟಾರಿನ ಜಾಗದಲ್ಲಿ ಧ್ವನಿವರ್ಧಕವನ್ನು ಇಡುತ್ತಿದ್ದಾರೆ, ಅಷ್ಟೆ.

ದೊಡ್ಡಬಳ್ಳಾಪುರದ ಅಪಾರೆಲ್ ಪಾರ್ಕಿನ ಹೊಲಿಗೆ ಸಾಲುಗಳಿಗೆ ಬೇಕಾಗಿರುವುದು ಬೇರೆ. ಅಲ್ಲಿ ಕಾಲು ಪೆಡಲಿನ ಮೇಲಿದ್ದರೂ ಓಟ ವಿದ್ಯುತ್ತಿನದು. ಕತ್ತು, ಭುಜ, ಬೆರಳುಗಳಷ್ಟೇ ದುಡಿಯುತ್ತವೆ, ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ಟು ಗೋಡೆಯ ಮೇಲಿರುತ್ತದೆ. 1948ರ ಕಾರ್ಖಾನೆ ಕಾಯ್ದೆಯ 44ನೆಯ ಪ್ರಕರಣವು ನಿಂತು ದುಡಿಯುವವರಿಗೆ ಕೂರಲು ವ್ಯವಸ್ಥೆ ಇರಬೇಕೆಂದು ವಿಧಿಸಿತ್ತು. 2021ರಲ್ಲಿ ತಮಿಳುನಾಡು ಅಂಗಡಿಗಳ ನೌಕರರಿಗೂ ಕೂರುವ ಹಕ್ಕನ್ನು ಕೊಟ್ಟಿತು. ದುಡಿಯುವವರೆಂದರೆ ನಿಂತಿರುವವರು ಎಂಬ ಕಲ್ಪನೆಯ ಈ ಎರಡೂ ಕಾನೂನುಗಳಿಗೆ, ಕೂತವಳಿಗೂ ಏಳುವ ಹಕ್ಕು ಬೇಕಾದೀತೆಂಬುದು ಹೊಳೆದಿರಲಿಲ್ಲ. ಇಡೀ ಸಾಲಿನಲ್ಲಿ ನಡೆದಾಡುವ ಭಾಗ್ಯವಿರುವುದು ಬಟ್ಟೆಯ ಕಟ್ಟುಗಳನ್ನು ಮೇಜಿನಿಂದ ಮೇಜಿಗೆ ಹೊರುವ ಹೆಲ್ಪರಿಗೆ, ಅವಳ ಕೂಲಿ ಟೈಲರಿಗಿಂತ ಕಡಿಮೆ.

ಈ ಸಾಲುಗಳ ಪೂರ್ವಜ ಅಮೆರಿಕದ ಫ್ರಾಂಕ್ ಗಿಲ್‌ಬ್ರೆತ್. 20ನೆಯ ಶತಮಾನದ ಆರಂಭದಲ್ಲಿ ಇಟ್ಟಿಗೆ ಕಟ್ಟುವವನ 18 ಚಲನೆಗಳನ್ನು ಎಣಿಸಿ, ಅವನ್ನು ಐದು ಅಥವಾ ಅದಕ್ಕೂ ಕಡಿಮೆಗೆ ಇಳಿಸಿದ ಆತನ ದೃಷ್ಟಿಯಲ್ಲಿ ಸರಕಿಗೆ ನೇರವಾಗಿ ಸೇರದ ಚಲನೆಯೆಲ್ಲ ನಷ್ಟ. ಆ ಪರಂಪರೆಯ ಇಂದಿನ ಎಂಜಿನಿಯರು ಕೈಯಲ್ಲಿ ಗಡಿಯಾರ ಹಿಡಿದು, ಕಾಲರು ಹಚ್ಚಲು ಇಷ್ಟು, ತೋಳು ಕೂಡಿಸಲು ಇಷ್ಟು ಎಂದು ‘ಸ್ಯಾಮ್’ ಕಟ್ಟುತ್ತಾನೆ. ಸ್ಯಾಮ್ ಎಂದರೆ ಒಂದು ಕೆಲಸಕ್ಕೆ ನಿಗದಿಯಾದ ಪ್ರಮಾಣಿತ ನಿಮಿಷಗಳು, ದಿನದ ಟಾರ್ಗೆಟ್ಟು ಹೊರಡುವುದು ಇದರಿಂದಲೇ. ಆದರೆ ಅವನ ಶಾಸ್ತ್ರದ ನಿಯಮದಂತೆ ಆ ನಿಮಿಷಗಳಿಗೆ ದಣಿವು ಮತ್ತು ದೇಹದ ಸ್ವಂತ ಅಗತ್ಯಗಳಿಗೆಂದು ಒಂದು ಪಾಲನ್ನು ಮೊದಲೇ ಕೂಡಿಸಿರಬೇಕು. ಹೀಗಾಗಿ ಎದ್ದು ಬೆನ್ನು ನೀಟಿ, ಕಿಟಕಿಯವರೆಗೆ ನಡೆದು, ನೀರು ಕುಡಿದು ಬರುವ ಹೊತ್ತನ್ನು ಆಡಳಿತ ಹೊಸದಾಗಿ ದಾನ ಮಾಡಬೇಕಾಗಿಲ್ಲ. ಅದು ಲೆಕ್ಕದ ಹಾಳೆಯಲ್ಲೇ ಇದೆ, ಆ ಹಾಳೆ ಮಾತ್ರ ಸೂಪರ್‌ವೈಸರನ ಕೈಯಲ್ಲಿದೆ. ಯಂತ್ರದ ಮುಂದೆ ಕೂತವಳಿಗೆ ಅದನ್ನು ಯಾರೂ ಓದಿ ಹೇಳಿದಂತಿಲ್ಲ.