ಕಾರಾಪುರದ ಹಳೇ ಬಂಗಲೆ

ಬೆಂಗಳೂರಿನ ಜಾಲಹಳ್ಳಿ ಕ್ರಾಸಿನಲ್ಲಿ ಬೆಳಕು ಹರಿಯುವ ಮುಂಚೆಯೇ ಬಸ್ಸು ತುಂಬಿಸಿಕೊಂಡು ಹೊರಡುವ ಕಾರ್ಖಾನೆ ಗೆಳೆಯರಿಗೆ, ದೊಡ್ಡ ಕುಟುಂಬಗಳಿಗೆ ರೆಸಾರ್ಟುಗಳ ಬರವಿಲ್ಲ. ನನ್ನ ಓಟು ಮಾತ್ರ ಕಬಿನಿ ದಂಡೆಯ ಕಾರಾಪುರಕ್ಕೆ.

ಮೈಸೂರು ಮಹಾರಾಜರು, ಅವರ ಅತಿಥಿಗಳಾಗಿ ಬಂದ ವೈಸರಾಯರು ಶಿಕಾರಿಗೆ ಇಳಿದುಕೊಳ್ಳುತ್ತಿದ್ದ ಬಂಗಲೆಗಳು ಇಲ್ಲಿವೆ. ಸಮೀಪದ ಕಾಕನಕೋಟೆ ಖೆಡ್ಡಾಕ್ಕೆ, ಅಂದರೆ ಕಾಡಾನೆಗಳನ್ನು ಅಟ್ಟಿ ಸೆರೆಹಿಡಿಯುವುದಕ್ಕೆ, ಹೆಸರಾದ ಕಾಡು. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಆಮೇಲೆ ಕಬಿನಿ ಅಣೆಕಟ್ಟಿನ ಹಿನ್ನೀರು ಆ ನೆಲವನ್ನೇ ನುಂಗಿತು. 1980ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್ ಕಾರಾಪುರದ ಬಂಗಲೆಗಳ ಜಾಗವನ್ನು ಕಬಿನಿ ರಿವರ್ ಲಾಡ್ಜ್ ಮಾಡಿತು. ಅದನ್ನು ಬೆಳೆಸಿದ ಕರ್ನಲ್ ಜಾನ್ ವೇಕ್‌ಫೀಲ್ಡ್ ಒಂದು ಕಾಲದ ಬೇಟೆಗಾರರು, ಆಮೇಲೆ ಕಾಡಿನ ಕಾವಲುಗಾರರು. ಎಲ್ಲರಿಗೂ ‘ಪಾಪಾ’. 2010ರಲ್ಲಿ ತೀರಿಕೊಂಡರು.

ಮೆಚ್ಚಬೇಕಾದ್ದು ಹಳೇ ಕಟ್ಟಡದ ಧಾರಾಳತನವನ್ನು. ಎತ್ತರದ ಸೂರು, ಉದ್ದ ಜಗಲಿ. ಅಲ್ಲಿ ಅಜ್ಜಿಗೆ ಕುರ್ಚಿ, ಮಕ್ಕಳಿಗೆ ಓಡಾಟ, ಗಂಡಸರಿಗೆ ಮುಗಿಯದ ಹರಟೆ, ಎಲ್ಲಕ್ಕೂ ಜಾಗ ಸಿಗುತ್ತದೆ. ಈಗಿನ ಹೋಟೆಲುಗಳು ಗುಂಪನ್ನು ಕೋಣೆ ಕೋಣೆಗೆ ಹಂಚಿಬಿಡುತ್ತವೆ. ಇಲ್ಲಿ ಊಟಕ್ಕೂ ನದಿಯಂಚಿನ ಊಟದ ಮನೆ ಗೋಲ್ ಘರ್‌ಗೇ ಎಲ್ಲರೂ ಬರಬೇಕು. (ಸಫಾರಿಯಲ್ಲಿ ಹುಲಿ ಕಂಡವರು ಕಾಣದವರನ್ನು ಕಾಡುವುದೂ ಅಲ್ಲೇ.)

ದರ ಅಗ್ಗವಲ್ಲ, ನಿಜ. ಆದರೆ ಒಬ್ಬ ದೊರೆಯ ಶಿಕಾರಿಗೆಂದು ಮೀಸಲಾಗಿದ್ದ ಜಗಲಿಯಲ್ಲಿ ಪಾಳಿ ಮುಗಿಸಿ ಬಂದ ಫಿಟ್ಟರೊಬ್ಬ ಕಾಲು ಚಾಚಿ ಕಾಫಿ ಕುಡಿಯಬಹುದು. ಬೇಸಿಗೆಯಾದರೆ ಹಿನ್ನೀರಿಗೆ ಹಿಂಡುಗಟ್ಟಿ ಬರುವ ಆನೆಗಳನ್ನು ದೋಣಿಯಿಂದ ನೋಡಬಹುದು.